ಬಿತ್ತನೆಯ ಹಣವೂ ಪಣದ ಹಣವೂ

ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಲ್ಲಿ, ಶುಂಠಿಯನ್ನು ಕಿತ್ತು ಮಾರಿ, ಅಂಗಡಿಯ ಬಾಕಿಯನ್ನೂ ಸೊಸೈಟಿಯ ಸಾಲವನ್ನೂ ತೀರಿಸಿ, ಕೈಯಲ್ಲಿ ಒಂದಿಷ್ಟು ದುಡ್ಡನ್ನು ಉಳಿಸಿಕೊಂಡಿದ್ದ ತರುಣನೊಬ್ಬನು ಒಂದು ಸಂಜೆ ನನ್ನ ಬಳಿಗೆ ಬಂದು, ಮೊಬೈಲಿನ ಪರದೆಯನ್ನು ನನ್ನ ಕಣ್ಣೆದುರಿಗೆ ಹಿಡಿದು, “ಮೇಷ್ಟ್ರೇ, ಮೊದಲಿಗೆ ಯಾವ ಕಾಯಿನ್ ತಗೊಂಡ್ರೆ ಒಳ್ಳೇದು?” ಎಂದು ಕೇಳಿದನು. ಪರದೆಯ ಮೇಲೆ ಬಿಟ್‌ಕಾಯಿನ್, ಈಥರ್ ಮೊದಲಾಗಿ ಹತ್ತಾರು ಹೆಸರುಗಳು, ಹೆಸರಿನ ಮುಂದೆ ಕ್ಷಣಕ್ಷಣಕ್ಕೂ ಬದಲಾಗುವ ಹಸುರು ಕೆಂಪು ಅಂಕಿಗಳು ಕಾಣುತ್ತಿದ್ದವು. ಒಂದು ಹೆಸರನ್ನು ಹೇಳಿ ಅವನನ್ನು ಕಳುಹಿಸಿಬಿಡುವುದು ಸುಲಭವಾಗಿತ್ತು. ಆದರೆ ಹೊಲವನ್ನು ನೋಡದೆ ಬೀಜದ ಹೆಸರನ್ನು ಹೇಳುವುದು ಹೇಗೆ ಹಿತವಚನವಾಗಲಾರದೋ, ಹಾಗೆಯೇ ಅದೂ ಆಗಲಾರದೆಂದು ತೋರಿದುದರಿಂದ, ಅವನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಆಡಿದ ಮಾತುಗಳನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆದಿದ್ದೇನೆ.

ಈ ನಾಣ್ಯವೆಂಬುದು ಏನೆಂದು ತಿಳಿಯಲು ನಮ್ಮ ಹಾಸನ ಜಿಲ್ಲೆಯವರು ಬಹುದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳ ಬಳಿಗೆ ಹೋದರೆ ಸಾಕು. ಶಾಸನತಜ್ಞ ಬಿ. ಎಲ್. ರೈಸ್ ಅವರು 1889ರಲ್ಲಿ ಅಲ್ಲಿಯ 144 ಶಾಸನಗಳನ್ನು ಅಚ್ಚುಮಾಡಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಪುಟವನ್ನು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಅವುಗಳಲ್ಲಿ ಹಲವು ದಾನಶಾಸನಗಳು. ಕೊಟ್ಟವರಾರು, ಆ ಕಾಲದ ಹೊನ್ನಿನ ನಾಣ್ಯವಾದ ಗದ್ಯಾಣವನ್ನು ಎಷ್ಟು ಕೊಟ್ಟರು, ಯಾವ ಕಾರ್ಯಕ್ಕೆ ಕೊಟ್ಟರು ಎಂಬುದನ್ನು, ಹೋಗಿಬರುವವರೆಲ್ಲರೂ ಓದಬಹುದಾದಂತೆಯೂ ಯಾವನೊಬ್ಬನೂ ಗುಟ್ಟಾಗಿ ತಿದ್ದಲಾಗದಂತೆಯೂ ಕಲ್ಲಿನಲ್ಲಿ ಕಂಡರಿಸಿಟ್ಟರು. ಹಾಳೆಯ ಲೆಕ್ಕವನ್ನು ಅದನ್ನು ಇಟ್ಟುಕೊಂಡವನು ಬದಲಾಯಿಸಿಯಾನು. ಬಯಲಿನಲ್ಲಿ ನಿಂತ ಕಲ್ಲಿನ ಲೆಕ್ಕವು ಊರವರೆಲ್ಲರ ಕಣ್ಣಿನ ಕಾವಲಿನಲ್ಲಿರುತ್ತದೆ. ಇದರ ಮೇಲೂ ಭಯವುಳಿದಾಗ, ಇದನ್ನು ಅಳಿಪಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯವನ್ನು ಕೊನೆಯಲ್ಲಿ ಸೇರಿಸುವುದು ಆ ಕಾಲದ ಪದ್ಧತಿಯಾಗಿತ್ತು.

ಬಿಟ್‌ಕಾಯಿನ್ ಎಂಬುದೂ ಮೂಲತಃ ಇಂಥದೇ ಒಂದು ಬಹಿರಂಗ ಲೆಕ್ಕ. ಸತೋಷಿ ನಾಕಾಮೊಟೊ ಎಂಬ ಹೆಸರಿನ ಮರೆಯಲ್ಲಿ ನಿಂತ ವ್ಯಕ್ತಿಯೋ ಗುಂಪೋ 2008ರ ಅಕ್ಟೋಬರ್ 31ರಂದು ಅದರ ವಿಧಾನವನ್ನು ವಿವರಿಸಿ ಒಂದು ಲೇಖನವನ್ನು ಹೊರತಂದಿತು. 2009ರ ಜನವರಿ 3ರಂದು ಅದರ ಮೊದಲ ಪುಟ ಬರೆಯಲ್ಪಟ್ಟಿತು. ಯಾರಿಂದ ಯಾರಿಗೆ ಎಷ್ಟು ಹೋಯಿತೆಂಬ ಬರಹವು, ಹೆಚ್ಚುಕಡಮೆ ಹತ್ತು ನಿಮಿಷಕ್ಕೊಂದು ಪುಟದಂತೆ ಬೆಳೆಯುತ್ತ, ಪ್ರತಿಯೊಂದು ಪುಟವೂ ತನ್ನ ಹಿಂದಿನ ಪುಟದ ಮುದ್ರೆಯನ್ನು ಹೊತ್ತುಕೊಂಡು, ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಒಂದೇ ಪ್ರಕಾರವಾಗಿ ಉಳಿದಿರುತ್ತದೆ. ನಡುವಿನ ಒಂದು ಪುಟವನ್ನು ತಿದ್ದಬೇಕಾದರೆ ಅದರ ಮುಂದಿನ ಪುಟಗಳನ್ನೆಲ್ಲ, ಅದೂ ಆ ಯಂತ್ರಗಳಲ್ಲಿ ಬಹುಪಾಲನ್ನು ಮೀರಿಸುವ ಬಲದಿಂದ, ಮತ್ತೆ ಬರೆಯಬೇಕಾದೀತು. ಪೂರ್ವಿಕರು ಶಾಪದಿಂದ ಕಾಪಾಡಿದ್ದನ್ನು ಇವರು ಗಣಿತದಿಂದ ಕಾಪಾಡಿದರು. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರಕೂಡದೆಂದು ಆದಿಯಲ್ಲಿಯೇ ಕಟ್ಟುಮಾಡಿರುವುದಲ್ಲದೆ, ಹೊಸ ನಾಣ್ಯಗಳು ಹುಟ್ಟುವ ವೇಗವೂ ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ.

ಇಷ್ಟು ಸಾಮ್ಯವನ್ನು ಕಂಡ ಮೇಲೆ ಭೇದವನ್ನೂ ಕಾಣಬೇಕು. ಹೊಸಬನು ತಿಳಿಯಬೇಕಾದ ಮುಖ್ಯ ಸಂಗತಿಯು ಆ ಭೇದದಲ್ಲಿಯೇ ಇದೆ. ಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳಲ್ಲಿ, ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಇಂತಿಷ್ಟು ಗದ್ಯಾಣವನ್ನು ಇಟ್ಟು, ಅದರ ಬಡ್ಡಿಯಿಂದ ದಿನವೂ ಇಂತಿಷ್ಟು ಬಳ್ಳ ಹಾಲನ್ನು ಒದಗಿಸತಕ್ಕದ್ದೆಂದು ಬರೆದಿದೆ. ಹಣವನ್ನು ಪಡೆದವನು ಅದನ್ನು ಒಂದು ಉದ್ಯೋಗದಲ್ಲಿ ತೊಡಗಿಸುತ್ತಿದ್ದನು, ಉದ್ಯೋಗವು ಫಲ ಕೊಡುತ್ತಿದ್ದಿತು, ಆ ಫಲದ ಒಂದು ಅಂಶವು ಹಾಲಾಗಿ ಬೆಟ್ಟವನ್ನೇರುತ್ತಿದ್ದಿತು. ತೆಂಗಿನ ತೋಟವು ಕಾಯಿ ಕೊಡುತ್ತದೆ, ಹಸುವು ಹಾಲು ಕೊಡುತ್ತದೆ, ಬ್ಯಾಂಕಿನ ಠೇವಣಿಯು ಬಡ್ಡಿ ಕೊಡುತ್ತದೆ. ಬಿಟ್‌ಕಾಯಿನ್ ತಾನಾಗಿ ಏನನ್ನೂ ಈಯುವುದಿಲ್ಲ. ಇಂದು ಕೊಂಡವನಿಗೆ ಲಾಭ ಬರಬೇಕಾದರೆ ನಾಳೆ ಅದನ್ನು ಅಧಿಕ ಬೆಲೆಗೆ ಕೊಳ್ಳುವವನೊಬ್ಬನು ಬರಬೇಕು. ಬಂದರೆ ಲಾಭ, ಬಾರದಿದ್ದರೆ ನಷ್ಟ. ಚಿನ್ನಕ್ಕೂ ಈ ಮಾತು ಬಹುಮಟ್ಟಿಗೆ ಸಲ್ಲುವುದಾದರೂ, ಚಿನ್ನದ ಹಿಂದೆ ಸಾವಿರಾರು ವರ್ಷಗಳ ಬಳಕೆಯಿದೆ, ಮಗಳ ಕೊರಳಿನಲ್ಲಿ ಅದಕ್ಕೊಂದು ಸ್ಥಾನವಿದೆ. ಬಿಟ್‌ಕಾಯಿನ್ನಿಗೆ ಇನ್ನೂ ಎರಡು ದಶಕಗಳೂ ತುಂಬಿಲ್ಲ.

ಆದಕಾರಣವೇ ಇದರ ಬೆಲೆಯು ಮುಂಗಾರಿನ ಹೇಮಾವತಿ ಹೊಳೆಯಂತೆ ಉಕ್ಕಿ ಬೇಸಗೆಯ ಹೇಮಾವತಿಯಂತೆ ಬತ್ತುತ್ತದೆ. 2017ರ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 20,000 ಡಾಲರಿನ ಸಮೀಪಕ್ಕೆ ಹೋಗಿ, ಒಂದು ವರ್ಷ ಕಳೆಯುವಷ್ಟರಲ್ಲಿ 3,200 ಡಾಲರಿನ ಆಸುಪಾಸಿಗೆ ಇಳಿಯಿತು. 2021ರ ನವೆಂಬರಿನಲ್ಲಿ ಸುಮಾರು 69,000ಕ್ಕೆ ಏರಿದ್ದು ಮರುವರ್ಷದ ನವೆಂಬರಿನಲ್ಲಿ 16,000ಕ್ಕಿಂತಲೂ ಕೆಳಗೆ ಬಂದಿತು. ಅಂದರೆ ಶಿಖರದಲ್ಲಿ ಒಂದು ಲಕ್ಷ ರೂಪಾಯಿ ಮೌಲ್ಯದ್ದನ್ನು ಹಿಡಿದವನಿಗೆ ವರ್ಷದ ತರುವಾಯ ಉಳಿದದ್ದು ಕಾಲುಭಾಗಕ್ಕೂ ಕಡಮೆ. ಬಳಿಕ ಅದೇ ನಾಣ್ಯವು 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರನ್ನು ದಾಟಿದ್ದೂ ಸತ್ಯವೇ. ಆದರೆ ನಡುವಿನ ವರ್ಷದಲ್ಲಿ ಮಗಳ ಮದುವೆಯೋ ಬೋರ್‌ವೆಲ್ಲಿನ ಖರ್ಚೋ ಬಂದು ಮಾರಲೇಬೇಕಾದವನಿಗೆ ಆ ಏರಿಕೆಯಿಂದ ಆದ ಪ್ರಯೋಜನವೇನು? ಕಾಯಬಲ್ಲವನಿಗೂ ಕಾಯಲಾರದವನಿಗೂ ಒಂದೇ ನಾಣ್ಯವು ಎರಡು ಬೇರೆ ಬೇರೆ ವಸ್ತುಗಳು.

ಇಲ್ಲಿಗೆ ತರುಣನ ಪ್ರಶ್ನೆಯ ಪೂರ್ವಾರ್ಧವು ತಾನಾಗಿ ಎದುರಾಗುತ್ತದೆ. ಯಾವ ಕಾಯಿನ್ ಎಂಬುದಕ್ಕೆ ಮುಂಚೆ ಯಾವ ಹಣ ಎಂದು ಕೇಳಿಕೊಳ್ಳಬೇಕು. ಆಲೂಗಡ್ಡೆ ಬೆಳೆಯುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿನ್ನುವ ಗಡ್ಡೆಯ ರಾಶಿ ಬೇರೆ, ಬಿತ್ತನೆಗಡ್ಡೆಯ ಹಣ ಬೇರೆ. ಪಂಜಾಬಿನ ಜಲಂಧರದಿಂದ ಹಾಸನದ ಮಾರುಕಟ್ಟೆಗೆ ಬರುವ ಬಿತ್ತನೆಗಡ್ಡೆಗೆಂದು ತೆಗೆದಿಟ್ಟ ದುಡ್ಡನ್ನು ಜಾತ್ರೆಯಲ್ಲಿ ಕಳೆದವನ ಹೊಲವು ಆ ವರ್ಷ ಬೀಳಾಗಿರುತ್ತದೆ. ಅಂಗಮಾರಿ ರೋಗ ಬಂದು ಬೆಳೆ ಕರಗಿಹೋದ ವರ್ಷಗಳನ್ನು ಕಂಡವರು, ಮುಂದಿನ ಬಿತ್ತನೆಯ ಹಣವನ್ನೂ ಮನೆಯ ಒಂದಾರು ತಿಂಗಳ ಖರ್ಚನ್ನೂ ಮೊದಲು ಬೇರ್ಪಡಿಸಿಟ್ಟು, ಕೈಸಾಲವಿದ್ದರೆ ತೀರಿಸಿ, ಆಸ್ಪತ್ರೆಯ ಖರ್ಚಿಗೊಂದು ವಿಮೆಯನ್ನು ಮಾಡಿಸಿ, ಆಮೇಲೆ ಉಳಿದುದರಲ್ಲಿ, ಪೂರ್ತಿ ಹೋದರೂ ಒಲೆ ಆರದಷ್ಟು ಸಣ್ಣ ಭಾಗವನ್ನು ಮಾತ್ರ ಪಣಕ್ಕೊಡ್ಡಬೇಕು. ಸಾಲ ತಂದು ಕೊಳ್ಳುವುದು, ಒಡವೆಯನ್ನು ಅಡವಿಟ್ಟು ಕೊಳ್ಳುವುದು ಸರ್ವಥಾ ಕೂಡದು. ಇಡಿಯ ನಾಣ್ಯವನ್ನೇ ಕೊಳ್ಳಬೇಕೆಂಬ ನಿರ್ಬಂಧವೂ ಇಲ್ಲ; ಒಂದು ಬಿಟ್‌ಕಾಯಿನ್ನಿನಲ್ಲಿ ಹತ್ತು ಕೋಟಿ ಅಂಶಗಳಿರುವುದರಿಂದ ಕೆಲವು ನೂರು ರೂಪಾಯಿಗೂ ಅದರ ತುಣುಕು ದೊರೆಯುತ್ತದೆ. ಒಮ್ಮೆಗೇ ಸುರಿಯದೆ ತಿಂಗಳಿಗಿಷ್ಟೆಂದು ಕೊಂಡರೆ ಶಿಖರದ ಬೆಲೆಗೇ ಎಲ್ಲವನ್ನೂ ಕೊಂಡು ಪರಿತಪಿಸುವ ಅಪಾಯವೂ ತಗ್ಗುತ್ತದೆ.

ಇನ್ನು ನಾಣ್ಯದ ಆಯ್ಕೆ. ಜಗತ್ತಿನಲ್ಲಿ ಇಂದು ಸಾವಿರಗಟ್ಟಲೆ ಕಾಯಿನ್‌ಗಳಿದ್ದು, ಅವುಗಳಲ್ಲಿ ಬಹುಪಾಲು ಹೆಸರಿಲ್ಲದೆ ಅಳಿದುಹೋಗುತ್ತವೆ. ಬಿಟ್‌ಕಾಯಿನ್ ಎಲ್ಲಕ್ಕಿಂತ ಹಳೆಯದು, ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದು. 2015ರಲ್ಲಿ ಆರಂಭವಾದ ಈಥೀರಿಯಮ್ ಜಾಲದ ನಾಣ್ಯವಾದ ಈಥರ್ ಅದರ ನಂತರದ್ದು. ಆ ಜಾಲದಲ್ಲಿ ಹಣದ ಲೆಕ್ಕವಲ್ಲದೆ ಕರಾರುಗಳನ್ನೂ ಬರೆದಿಟ್ಟು ತಾವಾಗಿಯೇ ನಡೆಯುವಂತೆ ಮಾಡಬಹುದು. ಹಳೆಯದೆಂಬುದರಿಂದಲೂ ದೊಡ್ಡದೆಂಬುದರಿಂದಲೂ ಬೆಲೆ ಇಳಿಯದೆಂಬ ಭರವಸೆ ಹುಟ್ಟಕೂಡದು. ಆದರೂ ಮಾರಬೇಕಾದಾಗ ಕೊಳ್ಳುವವರು ಸಿಕ್ಕುತ್ತಾರೆ, ಹಲವು ಬಿರುಗಾಳಿಗಳನ್ನು ಕಂಡು ಉಳಿದಿವೆ ಎಂಬಷ್ಟು ಗುಣವು ಇವೆರಡಕ್ಕೆ ಉಂಟು. ಕಡಮೆ ಬೆಲೆಯದೆಂಬ ಒಂದೇ ಕಾರಣಕ್ಕೆ ಒಂದು ರೂಪಾಯಿಯ ಕಾಯಿನ್ನನ್ನು ಸಾವಿರಗಟ್ಟಲೆ ಕೊಳ್ಳುವ ಆಸೆಯು ಹೊಸಬರ ಸಾಮಾನ್ಯ ದೋಷ. ಲೂನಾ ಎಂಬ ನಾಣ್ಯವು ಒಂದು ಕಾಲಕ್ಕೆ ಜಗತ್ತಿನ ಮೊದಲ ಹತ್ತರಲ್ಲಿ ಎಣಿಸಲ್ಪಡುತ್ತಿದ್ದರೂ, 2022ರ ಮೇ ತಿಂಗಳಲ್ಲಿ ಒಂದೇ ವಾರದಲ್ಲಿ 80 ಡಾಲರಿನ ಎತ್ತರದಿಂದ ಒಂದು ಸೆಂಟಿಗಿಂತಲೂ ಕೆಳಕ್ಕೆ ಬಿದ್ದಿತು. ನನ್ನ ಅಭಿಪ್ರಾಯದಲ್ಲಿ, ಕೊಳ್ಳಲೇಬೇಕೆಂದು ನಿಶ್ಚಯಿಸಿದ ಹೊಸಬನು ಮೊದಲ ಒಂದೆರಡು ವರ್ಷ ಈ ಎರಡನ್ನು ಬಿಟ್ಟು ಮತ್ತಾವುದರ ಕಡೆಗೂ ಕೈಚಾಚದಿರುವುದು ಲೇಸು.

ಎಲ್ಲಿ ಕೊಳ್ಳಬೇಕೆಂಬುದೂ ಅಷ್ಟೇ ಮಹತ್ತ್ವದ ವಿಷಯ. ಈ ವ್ಯಾಪಾರವು ನಮ್ಮ ರಾಜ್ಯಕ್ಕೆ ಹೊಸದಲ್ಲ. ಯುನೊಕಾಯಿನ್ ಎಂಬ ವಿನಿಮಯ ಸಂಸ್ಥೆಯು 2013ರಷ್ಟು ಹಿಂದೆಯೇ ಇಲ್ಲಿ ಕೆಲಸ ಆರಂಭಿಸಿತು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಇಂಥ ವ್ಯವಹಾರಗಳಿಗೆ ಸೇವೆ ಕೊಡಕೂಡದೆಂದು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಯುನೊಕಾಯಿನ್ ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲಿನಲ್ಲಿ ಇಟ್ಟ, ಕಾಯಿನ್ ಕೊಳ್ಳುವ ಮಾರುವ ಯಂತ್ರವನ್ನು ಕೆಲವೇ ದಿನಗಳಲ್ಲಿ ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನು ರದ್ದುಪಡಿಸಿತು. ಇಂದಿನ ಸ್ಥಿತಿಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಬಗೆಯ ನಾಣ್ಯವನ್ನು, ಅಂದರೆ ಕ್ರಿಪ್ಟೋವನ್ನು, ಕೊಳ್ಳುವುದು ಅಪರಾಧವಲ್ಲ. ಆದರೆ ಅದು ನಮ್ಮ ದೇಶದ ಚಲಾವಣೆಯ ನಾಣ್ಯವೂ ಅಲ್ಲ. ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ಇರುವ ವಿಮೆಯಂಥ ಆಸರೆ ಇದಕ್ಕಿಲ್ಲ. ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ಜನಬಳಕೆಗೆ ಪ್ರಯೋಗಾರ್ಥ ತಂದ ಡಿಜಿಟಲ್ ರೂಪಾಯಿಯು ಬೇರೆಯೇ ವಸ್ತು. ಅದು ಸರ್ಕಾರದ ರೂಪಾಯಿಯೇ ಆದುದರಿಂದ ಅದರಲ್ಲಿ ಏರಿಳಿತವಿಲ್ಲ.

2023ರ ಮಾರ್ಚಿನಿಂದ ಕ್ರಿಪ್ಟೋವನ್ನು ಮಾರುವ ವಿನಿಮಯ ಸಂಸ್ಥೆಗಳು ಹಣದ ಅಕ್ರಮ ವರ್ಗಾವಣೆಯನ್ನು ತಡೆಯುವ ಕಾಯಿದೆಗೆ ಒಳಪಟ್ಟು, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಗಿದೆ. ನೋಂದಣಿಯಿಲ್ಲದ ಆಪ್ ಎಷ್ಟೇ ಅಂದವಾಗಿದ್ದರೂ ಬಿಡತಕ್ಕದ್ದು. ನೋಂದಣಿಯಿದ್ದಲ್ಲಿಯೂ ಅಪಾಯವು ಪೂರ್ತಿ ಕಳೆಯುವುದಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ, ಗ್ರಾಹಕರು ತಮ್ಮದೇ ನಾಣ್ಯಗಳನ್ನು ಹೊರತೆಗೆಯಲಾರದೆ ಒಂದು ವರ್ಷಕ್ಕೂ ಮೀರಿ ಕಾಯಬೇಕಾಯಿತು. 2025ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಸಂಸ್ಥೆಯು ಸುಮಾರು 4 ಕೋಟಿ 40 ಲಕ್ಷ ಡಾಲರನ್ನು ಕಳೆದುಕೊಂಡು, ಆ ನಷ್ಟವನ್ನು ತಾನೇ ಭರಿಸುವುದಾಗಿ ಪ್ರಕಟಿಸಿತು. ಸಂಸ್ಥೆಯಲ್ಲಿ ಬಿಟ್ಟ ನಾಣ್ಯವು ಸಂಸ್ಥೆಯ ಕಾವಲಿನಲ್ಲಿರುತ್ತದೆ. ವಾಲೆಟ್ ಎಂಬ ಸ್ವಂತ ಡಿಜಿಟಲ್ ಪೆಟ್ಟಿಗೆಗೆ ತಂದುಕೊಂಡರೆ ಅದರ ಗುಪ್ತಪದಗಳೇ ಬೀಗದ ಕೈ. ಅವನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳೊಡನೆ ಭದ್ರವಾಗಿಡಬೇಕು. ಕಳೆದುಹೋದರೆ ಕೊಡುವವರಿಲ್ಲ, ಪರರಿಗೆ ತಿಳಿದರೆ ಉಳಿಸುವವರಿಲ್ಲ. ತಪ್ಪಿ ಬೇರೊಬ್ಬರಿಗೆ ಹೋದ ನಾಣ್ಯವನ್ನು ಹಿಂದಕ್ಕೆ ತರಿಸುವ ಮ್ಯಾನೇಜರನೂ ಇಲ್ಲಿಲ್ಲ. ಕಲ್ಲಿನ ಬರಹದ ಗುಣವೇ ಅದರ ಕಾಠಿಣ್ಯವೂ ಹೌದು.

ತೆರಿಗೆಯ ವಿಷಯದಲ್ಲಿ ಬೇಸಾಯಗಾರರು ವಿಶೇಷವಾಗಿ ಎಚ್ಚರವಾಗಿರಬೇಕು. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯಿಲ್ಲವೆಂಬ ಅಭ್ಯಾಸಬಲದಿಂದ ಇದಕ್ಕೂ ಇಲ್ಲವೆಂದು ಭಾವಿಸಬಾರದು. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ, ಮೊದಲ ರೂಪಾಯಿಯಿಂದಲೇ, ನೂರಕ್ಕೆ 30ರಂತೆ ತೆರಿಗೆಯೂ ಆ ತೆರಿಗೆಯ ಮೇಲೆ ನೂರಕ್ಕೆ 4ರಂತೆ ಸೆಸ್ಸೂ ಬಿದ್ದಿವೆ. ಒಂದು ನಾಣ್ಯದಲ್ಲಿ 10,000 ರೂಪಾಯಿ ಲಾಭವಾಗಿ ಮತ್ತೊಂದರಲ್ಲಿ ಅಷ್ಟೇ ನಷ್ಟವಾದರೆ, ಕೈಗೆ ಏನೂ ದಕ್ಕದಿದ್ದರೂ ಲಾಭದ ಮೇಲಿನ 3,120 ರೂಪಾಯಿಯನ್ನು ಕಟ್ಟಲೇಬೇಕು. ನಷ್ಟವನ್ನು ಲಾಭದಲ್ಲಿ ಕಳೆಯಲು ಕಾನೂನು ಒಪ್ಪುವುದಿಲ್ಲ. 2022ರ ಜುಲೈ 1ರಿಂದ, ನಿಯಮದ ಮಿತಿಯನ್ನು ಮೀರಿದ ಮಾರಾಟದ ಮೊತ್ತದಲ್ಲಿ ನೂರಕ್ಕೆ ಒಂದನ್ನು ಮುಂಗಡವಾಗಿ ಹಿಡಿಯುವ ಪದ್ಧತಿಯೂ ಇದೆ. ಕೊಂಡ ದಿನ, ಬೆಲೆ, ಮಾರಿದ ದಿನ, ಬೆಲೆ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವುದು ಅವಶ್ಯ.

ಕಡೆಯದಾಗಿ ವಂಚನೆಯ ಮಾತು. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆಯವರು ತಿಂಗಳಿಗೆ ನೂರಕ್ಕೆ ಹತ್ತರಂತೆ ಹದಿನೆಂಟು ತಿಂಗಳು ಬಿಟ್‌ಕಾಯಿನ್ನಿನಲ್ಲಿಯೇ ಪ್ರತಿಫಲ ಕೊಡುವೆವೆಂದು ಹೇಳಿ, ಹೊಸ ಸದಸ್ಯರನ್ನು ಕರೆತಂದವರಿಗೆ ಕಮಿಷನ್ನನ್ನೂ ಕೊಟ್ಟು, ಹೊಸಬರ ಬರವು ನಿಂತೊಡನೆ ತಮ್ಮದೇ ಆದ ಬೆಲೆಯಿಲ್ಲದ ನಾಣ್ಯವನ್ನು ಜನರ ಕೈಗಿತ್ತರು. 2025ರ ಫೆಬ್ರವರಿಯಲ್ಲಿ ಸಿಬಿಐ ಆ ಮೊಕದ್ದಮೆಯಲ್ಲಿ ಬೆಂಗಳೂರೂ ಸೇರಿದಂತೆ ದೇಶದ ಅರುವತ್ತಕ್ಕೂ ಹೆಚ್ಚು ಸ್ಥಳಗಳನ್ನು ಶೋಧಿಸಿತು. ತಾನಾಗಿ ಏನನ್ನೂ ಈಯದ ವಸ್ತುವಿನಿಂದ ತಿಂಗಳು ತಿಂಗಳೂ ಇಷ್ಟು ಕೊಡುತ್ತೇನೆಂದು ಯಾವನು ಹೇಳುತ್ತಾನೋ, ಅವನು ಹಾಲಿಲ್ಲದ ಹಸುವಿನಿಂದ ಹಾಲು ಕೊಡುತ್ತೇನೆನ್ನುವವನು. ಆ ಹಾಲು ನೆರೆಮನೆಯ ಕೊಟ್ಟಿಗೆಯಿಂದ ಬಂದುದಲ್ಲದೆ ಬೇರೆಯಲ್ಲ. ಟೆಲಿಗ್ರಾಂ ಗುಂಪಿಗೆ ಸೇರಿಸುವವರು, ಮೊದಲು ಸಣ್ಣ ಲಾಭವನ್ನು ತೋರಿಸಿ ದೊಡ್ಡ ಮೊತ್ತವನ್ನು ಕೇಳುವವರು, ಹಣವನ್ನು ಹೊರತೆಗೆಯಲು ಮತ್ತೆ ಹಣ ಕಟ್ಟೆನ್ನುವವರು, ಇವರೆಲ್ಲರೂ ಒಂದೇ ಬಳಗದವರು. ಮೋಸವಾಯಿತೆಂದು ತಿಳಿದೊಡನೆ, ನಾಚಿಕೆಪಟ್ಟು ಮುಚ್ಚಿಡದೆ, ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಗಂಟೆಗಳು ಕಳೆದಂತೆ ಹಣವು ಕೈಯಿಂದ ಕೈಗೆ ದಾಟಿಹೋಗುತ್ತದೆ.

ಇಷ್ಟನ್ನೂ ಕೇಳಿದ ತರುಣನು ಬಹಳ ಹೊತ್ತು ಸುಮ್ಮನಿದ್ದು, ಬೇಸಾಯದ ಖರ್ಚನ್ನು ಬರೆದಿಡುತ್ತಿದ್ದ ತನ್ನ ಚಿಕ್ಕ ಪುಸ್ತಕವನ್ನು ಜೇಬಿನಿಂದ ತೆಗೆದು, ಬಿತ್ತನೆಯ ಶುಂಠಿಗೆ ಇಷ್ಟು, ಗೊಬ್ಬರಕ್ಕೆ ಇಷ್ಟು, ತಂಗಿಯ ಕಾಲೇಜಿನ ಫೀಸಿಗೆ ಇಷ್ಟು ಎಂದು ಒಂದರ ಕೆಳಗೊಂದು ಬರೆದು ಕೂಡಿ ಕಳೆದನು. ತಂದಿದ್ದ ಎಣಿಕೆಯಲ್ಲಿ ಎಪ್ಪತ್ತು ಸಾವಿರವಿದ್ದ ಮೊತ್ತವು ಕೊನೆಯ ಗೆರೆಯ ಕೆಳಗೆ ಮೂರು ಸಾವಿರವಾಗಿ ನಿಂತಿತು. “ಇಷ್ಟೇ ಮೇಷ್ಟ್ರೇ, ಹೋದ್ರೂ ಅಳದೇ ಇರಬಹುದಾದ ದುಡ್ಡು” ಎಂದನು. ಅದನ್ನು ಆರು ತಿಂಗಳಿಗೆ ಹಂಚಿ ಐನೂರರಂತೆ ಬರೆದುಕೊಂಡು, ಪುಸ್ತಕವನ್ನು ಮಡಿಸಿ, ಅವನು ಮನೆಯ ಕಡೆಗೆ ನಡೆದನು. ಯಾವ ಕಾಯಿನ್ ಎಂಬ ಪ್ರಶ್ನೆಯನ್ನು ಮಾತ್ರ ಅವನು ಮತ್ತೆ ಕೇಳಲಿಲ್ಲ.