ಗ್ಯಾಸ್ ಗೀಸರ್ ಉಸಿರಾಡುವ ಗಾಳಿ

ಚಳಿಗಾಲ ಬಂತೆಂದರೆ ಪತ್ರಿಕೆಗಳ ಒಳಪುಟದಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಕಾಣುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಬಾಗಿಲು ಒಡೆದು ನೋಡಿದರೆ ಜೀವ ಹೋಗಿತ್ತು. ಗೀಸರ್‌ನಿಂದ ಅನಿಲ ಸೋರಿರಬೇಕೆಂಬ ಶಂಕೆ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಸಿಲಿಂಡರ್‌ನಿಂದ ಅನಿಲ ಸೋರಿರುವುದೇ ಇಲ್ಲ. ಪೈಪು ಸರಿಯಾಗಿರುತ್ತದೆ, ರೆಗ್ಯುಲೇಟರ್ ಸರಿಯಾಗಿರುತ್ತದೆ, ಯಂತ್ರವೂ ಸರಿಯಾಗಿ ಉರಿಯುತ್ತಿರುತ್ತದೆ. ಸರಿಯಿಲ್ಲದ್ದು ಅದನ್ನು ಕೂರಿಸಿದ ಜಾಗ. ಇದನ್ನು ಅರ್ಥ ಮಾಡಿಕೊಳ್ಳದೆ ಹೊಸ ರೆಗ್ಯುಲೇಟರ್ ಹಾಕಿಸಿ ನೆಮ್ಮದಿಯಾಗಿ ಇರುವವರನ್ನು ನೋಡಿದಾಗಲೆಲ್ಲ ನನಗೆ ಆತಂಕವಾಗುತ್ತದೆ.

ಗೋಡೆಗೆ ನೇತುಹಾಕುವ ಈ ಪೆಟ್ಟಿಗೆಯೊಳಗೆ ನೀರು ತುಂಬಿಟ್ಟುಕೊಳ್ಳುವ ತೊಟ್ಟಿ ಇಲ್ಲ. ನಲ್ಲಿ ತಿರುಗಿಸಿದಾಗ ಹರಿಯುವ ನೀರಿನ ಒತ್ತಡಕ್ಕೆ ಒಂದು ರಬ್ಬರ್ ಪೊರೆ ಸರಿದು ಸ್ವಿಚ್ ಒತ್ತುತ್ತದೆ. ಎರಡು ಬ್ಯಾಟರಿ ಸೆಲ್‌ಗಳ ಬಲದಿಂದ ಕಿಡಿ ಹಾರುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಸಾಲು ಬರ್ನರ್‌ಗಳು ಭುಗ್ಗೆಂದು ಹೊತ್ತಿಕೊಳ್ಳುತ್ತವೆ. ಅವುಗಳ ಮೇಲೆ ತಾಮ್ರದ ಕೊಳವೆಯ ಸುರುಳಿ, ಅದಕ್ಕೆ ಒತ್ತೊತ್ತಾಗಿ ಹೊಂದಿಸಿದ ತೆಳು ತಗಡುಗಳು. ಅಲ್ಲಿ ಸುತ್ತಿ ಬರುವಷ್ಟರಲ್ಲಿ ನೀರು ಕಾದಿರುತ್ತದೆ. ಜ್ವಾಲೆ ಆರಿದರೆ ಅದನ್ನು ಗ್ರಹಿಸುವ ಒಂದು ಕಡ್ಡಿ ಇದ್ದು, ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂದರೆ ಉರಿಯದ ಗ್ಯಾಸ್ ಹೊರಬಾರದಂತೆ ಕಾವಲು ಇದೆ. ಉರಿದ ಮೇಲೆ ಹೊರಬರುವುದಕ್ಕೆ ಮಾತ್ರ ಅಗ್ಗದ ಮಾದರಿಗಳಲ್ಲಿ ಯಾವ ಕಾವಲೂ ಇಲ್ಲ, ಹೊಗೆ ಕೊಳವೆಯೂ ಇಲ್ಲ. ಸುಟ್ಟ ಗಾಳಿ ಪೆಟ್ಟಿಗೆಯ ಮೇಲ್ಭಾಗದ ಸೀಳುಗಳಿಂದ ನೇರವಾಗಿ ಕೋಣೆಗೇ ಬರುತ್ತದೆ.

ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಲು ಸುಮಾರು 10 ಕಿಲೋವಾಟ್ ಶಾಖ ಬೇಕು. ಅಡುಗೆಮನೆಯ ದೊಡ್ಡ ಬರ್ನರ್‌ಗಳು ನಾಲ್ಕೈದು ಒಟ್ಟಿಗೆ ಉರಿದರೆ ಎಷ್ಟೋ ಅಷ್ಟು. ಇದಕ್ಕೆ ನಿಮಿಷಕ್ಕೆ ಸುಮಾರು 16 ಗ್ರಾಂ ಎಲ್‌ಪಿಜಿ ಸುಡಬೇಕು, ಅಷ್ಟನ್ನು ಸುಡಲು ಸುಮಾರು 200 ಲೀಟರ್ ಗಾಳಿ ಬೇಕು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಒಳಗೆಳೆದುಕೊಳ್ಳುವುದು 6ರಿಂದ 8 ಲೀಟರ್. ಐದಡಿ ಏಳಡಿಯ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ 8,000 ಲೀಟರ್‌ಗಿಂತ ಸ್ವಲ್ಪ ಕಡಿಮೆ. ಎಲ್ಲ ಸಂದಿಯನ್ನೂ ಮುಚ್ಚಿಬಿಟ್ಟರೆ ಐದಾರು ನಿಮಿಷದಲ್ಲೇ ಆಮ್ಲಜನಕ ಶೇ 21ರಿಂದ ಶೇ 18ರ ಹತ್ತಿರಕ್ಕೆ ಇಳಿಯುತ್ತದೆ. ನಿಜವಾದ ಬಚ್ಚಲಿನಲ್ಲಿ ಬಾಗಿಲ ಕೆಳಗೆ, ಕಿಟಕಿಯ ಗಾಜುಗಳ ನಡುವೆ ಒಂದಿಷ್ಟು ಸಂದಿ ಇರುವುದರಿಂದ ಇದು ನಿಧಾನವಾಗುತ್ತದೆ, ಅಷ್ಟೇ.

ಶೇ 18ರ ಗಾಳಿಯಲ್ಲಿ ಮನುಷ್ಯ ಸಾಯುವುದಿಲ್ಲ. ಆದರೆ ಜ್ವಾಲೆಗೆ ಅದು ಸಾಲದು. ಆಮ್ಲಜನಕ ಸಾಕಷ್ಟು ಸಿಕ್ಕರೆ ಗ್ಯಾಸ್‌ನ ಇಂಗಾಲ ಪೂರ್ತಿ ಸುಟ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾಲದೆ ಹೋದಾಗ ಅರ್ಧಕ್ಕೇ ನಿಂತು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕೊಲ್ಲುವುದು ಅದು. ತಾಮ್ರದ ತಗಡುಗಳ ನಡುವೆ ಮಸಿ, ಧೂಳು ಕಟ್ಟಿದ್ದರೆ ಇನ್ನೂ ಬೇಗ. ನೀಲಿ ಜ್ವಾಲೆ ಹಳದಿಗೆ ತಿರುಗಿದರೆ ಅದು ಗ್ಯಾಸ್ ಅರೆಬರೆ ಸುಡುತ್ತಿರುವುದರ ಸೂಚನೆ. ಆದರೆ ರಿಪೇರಿಯವರು ಬಾಗಿಲು ತೆರೆದಿಟ್ಟುಕೊಂಡು ಗೀಸರ್ ಹೊತ್ತಿಸಿ ‘ಜ್ವಾಲೆ ನೀಲಿಯಾಗೇ ಇದೆ’ ಎಂದರೆ ಅದನ್ನು ನಂಬಿಕೊಂಡಿರಬಾರದು. ಬಾಗಿಲು ತೆರೆದಿದ್ದಾಗ ಅದು ನೀಲಿಯಾಗಿಯೇ ಇರುತ್ತದೆ.

ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ತಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಎಲ್‌ಪಿಜಿ ಭಾರವಾದ್ದರಿಂದ ನೆಲದ ಮೇಲೆ ಹರಡುತ್ತದೆ. ನೀರು ಹೋಗುವ ತೂಬಿನಿಂದ ಗ್ಯಾಸೂ ಹೋಗುತ್ತದೆ ಎಂದು ಕೆಲವರು ಧೈರ್ಯ ತಂದುಕೊಳ್ಳುತ್ತಾರೆ. ಆದರೆ ಕಾರ್ಬನ್ ಮಾನಾಕ್ಸೈಡ್‌ನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ಕೋಣೆಯ ತುಂಬ, ಮೂಗಿನ ಮಟ್ಟದಲ್ಲೂ ಬೆರೆತಿರುತ್ತದೆ.

ಶ್ವಾಸಕೋಶಕ್ಕೆ ಬಂದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಳಿದುಳಿದ ಆಮ್ಲಜನಕವನ್ನೂ ರಕ್ತ ಸುಲಭವಾಗಿ ಬಿಟ್ಟುಕೊಡದಂತೆ ಮಾಡುತ್ತದೆ. ಮಿದುಳು, ಹೃದಯ ಉಪವಾಸ ಬೀಳುತ್ತವೆ. ಹಾಗಿದ್ದೂ ಉಸಿರುಗಟ್ಟಿದ ಅನುಭವ ಆಗದಿರುವುದಕ್ಕೆ ಕಾರಣವಿದೆ. ಕತ್ತಿನ ರಕ್ತನಾಳದ ಬಳಿಯ ಸಂವೇದಕಗಳು ಅಳೆಯುವುದು ರಕ್ತದ ದ್ರವದಲ್ಲಿ ಕರಗಿರುವ ಆಮ್ಲಜನಕವನ್ನು, ಹಿಮೋಗ್ಲೋಬಿನ್ ಹೊತ್ತಿರುವುದನ್ನಲ್ಲ. ಕರಗಿದ ಪ್ರಮಾಣ ಹೆಚ್ಚು ಬದಲಾಗದ ಕಾರಣ ದೇಹ ಕೂಗೆಬ್ಬಿಸುವುದಿಲ್ಲ. ಸ್ವಲ್ಪ ಸೆಕೆಯಾಗಿ ತಲೆ ಭಾರವಾದರೆ ಬಿಸಿನೀರಿನ ಹಬೆ ಎಂದುಕೊಳ್ಳುತ್ತೇವೆ. ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾವೇ ಸೇವಿಸಿ ಏನಾಗುತ್ತದೆಂದು ಬರೆದಿಟ್ಟರು. ಬುದ್ಧಿ ಮಂಕಾಗುವ ಜೊತೆಗೆ ಕಾಲುಗಳ ಶಕ್ತಿಯೂ ಹೋಗುತ್ತದೆ. ಗಣಿಗಳಲ್ಲಿ ಎಚ್ಚರಿಕೆಗೆ ಕೆನರಿ ಹಕ್ಕಿಗಳನ್ನು ಒಯ್ಯುವ ರೂಢಿ ಬಂದದ್ದು ಅವರ ಸಲಹೆಯಿಂದ. ಬ್ರಿಟನ್ನಿನಲ್ಲಿ ಅದು 1986ರವರೆಗೂ ಇತ್ತು. ಕಾಲುಗಳ ಶಕ್ತಿ ಹೋಗುವುದರಿಂದಲೇ ಬಚ್ಚಲಿನಲ್ಲಿ ಸತ್ತವರು ಎಷ್ಟೋ ಸಲ ಬಾಗಿಲಿನಿಂದ ಒಂದೆರಡು ಅಡಿ ದೂರದಲ್ಲಷ್ಟೇ ಬಿದ್ದಿರುತ್ತಾರೆ. ಚಿಲಕದವರೆಗೆ ಕೈ ಎತ್ತಲು ಶಕ್ತಿ ಉಳಿದಿರುವುದಿಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಮಾನಾಕ್ಸೈಡ್ ಅಂಟಿದ ರಕ್ತವೂ ಆ ಯಂತ್ರದ ಬೆಳಕಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕೆಂಪಾಗಿ ಕಾಣುತ್ತದೆ. ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದವರ ಬೆರಳಿಗೆ ಅದನ್ನು ಸಿಕ್ಕಿಸಿ, 98 ತೋರಿಸಿತೆಂದು ಮಲಗಿಸಿಬಿಡಬೇಡಿ.

ನಮ್ಮ ಕಡೆ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆರೋಗ ದಕ್ಷಿಣ ಕರ್ನಾಟಕದಲ್ಲಿ ಬೇರೆಡೆಗಿಂತ ಹೆಚ್ಚು. ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ಅದನ್ನು ಅಧ್ಯಯನ ಮಾಡಿದ್ದಾರೆ. ಹೀಗಾಗಿ ಸ್ನಾನ ಮಾಡುವಾಗ ಯಾರಾದರೂ ಪ್ರಜ್ಞೆ ತಪ್ಪಿ ಕೈಕಾಲು ಸೆಟೆದುಕೊಂಡರೆ ಮನೆಯವರು ಫಿಟ್ಸ್ ಎಂದು ತೀರ್ಮಾನಿಸಿ ಮಾತ್ರೆ ಶುರು ಮಾಡಿಸುತ್ತಾರೆ, ಗೀಸರ್ ಇದ್ದಲ್ಲೇ ಉರಿಯುತ್ತಿರುತ್ತದೆ. ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರಿನಲ್ಲಿ ಬೆಂಗಳೂರಿನ ನರರೋಗ ತಜ್ಞರೂ ಸೇರಿ ಭಾರತದ ವೈದ್ಯರು ಇಂಥ ಪ್ರಕರಣಗಳನ್ನು ವರದಿ ಮಾಡಿದ್ದಾರೆ. ಫಿಟ್ಸ್ ಆ ಬಚ್ಚಲಿನಲ್ಲಿ ಮಾತ್ರ ಬರುತ್ತದೆಯೇ, ಬೇರೆಲ್ಲೂ ಇಲ್ಲವೇ ಎಂದು ಮೊದಲು ಕೇಳಿಕೊಳ್ಳಬೇಕು.

ಹಿಂದಿನ ಬಚ್ಚಲುಮನೆಯಲ್ಲೂ ಬೆಂಕಿ ಇತ್ತು. ಹಂಡೆಯ ಕೆಳಗೆ ಸೌದೆ, ತೆಂಗಿನ ಗರಿ, ಕಾಯಿಸಿಪ್ಪೆ ಉರಿಯುತ್ತಿತ್ತು. ಆ ಹೊಗೆಯಲ್ಲೂ ಮಾನಾಕ್ಸೈಡ್ ಧಾರಾಳವಾಗಿತ್ತು. ಆದರೆ ಹೆಂಚಿನ ಸಂದಿ, ಗೋಡೆಯ ಗವಾಕ್ಷಿ, ಸರಿಯಾಗಿ ಮುಚ್ಚದ ಮರದ ಬಾಗಿಲು ಗಾಳಿಯಾಡಿಸುತ್ತಿದ್ದವು. ಹೊಗೆ ಹೆಚ್ಚಾದರೆ ಕಣ್ಣುರಿ ತಾಳದೆ ಹೊರಗೋಡುತ್ತಿದ್ದರು. ಈಗ ಅಟ್ಯಾಚ್ಡ್ ಬಾತ್‌ರೂಮಿಗೆ ಕಾಂಕ್ರೀಟ್ ಸೂರು, ಬಿಗಿಯಾದ ಪಿವಿಸಿ ಬಾಗಿಲು, ಚಳಿಗೆ ಮುಚ್ಚಿದ ಕಿಟಕಿ. ದೀಪಾವಳಿಯ ಎಣ್ಣೆಸ್ನಾನದ ದಿನ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಒಳಹೋಗುತ್ತಾರೆ. ಕೊನೆಗೆ ಹೋದವರಿಗೆ ಸಿಗುವುದು ಎಲ್ಲರ ಸ್ನಾನದ ಗಾಳಿ. ತಲೆಗೆ ಎರೆದುಕೊಳ್ಳುವವರು ಒಳಗೆ ಹೆಚ್ಚು ಹೊತ್ತು ಇರುತ್ತಾರೆ. ಎಲ್ಲಕ್ಕಿಂತ ಹೆದರಿಕೆ ಬಾಣಂತಿಯ ಬಗ್ಗೆ. ಶೀತವಾಗಬಾರದೆಂದು ಕಿಟಕಿ ಮುಚ್ಚಿ ಬಹಳ ಹೊತ್ತು ಬಿಸಿನೀರು ಹುಯ್ಯುತ್ತಾರೆ, ನಂತರ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಲೋಬಾನದ ಹೊಗೆ ಹಾಕುತ್ತಾರೆ. ಹೊಗೆ ಕಾಣದ ಕೆಂಡವೂ ಮಾನಾಕ್ಸೈಡ್ ಉಗುಳುತ್ತದೆ, ಮಗುವೂ ಅಲ್ಲೇ ಮಲಗಿರುತ್ತದೆ. ಕೆಂಡದಿಂದ ಮೈ ಕಾಯಿಸುವ ಪದ್ಧತಿ ಬಿಡದಿದ್ದರೂ ಕಿಟಕಿ ತೆರೆದಿಡಬೇಕು, ಕೆಂಡವನ್ನು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಬಾರದು.

ಗೀಸರ್‌ಗೆ ಪರಿಹಾರ ತೀರ ಸರಳ. ಬಿಸಿನೀರು ಪೈಪಿನಲ್ಲಿ ಬರುತ್ತದೆ, ಆದ್ದರಿಂದ ಅದನ್ನು ಕಾಯಿಸುವ ಬೆಂಕಿ ಬಚ್ಚಲೊಳಗೇ ಇರಬೇಕಾದ ಯಾವ ಕಾರಣವೂ ಇಲ್ಲ. ಯುಟಿಲಿಟಿಯಲ್ಲೋ ತೆರೆದ ಬಾಲ್ಕನಿಯಲ್ಲೋ ಹೊರಗೋಡೆಯ ಮೇಲೋ ಪೆಟ್ಟಿಗೆಯನ್ನು ಕೂರಿಸಿ ಕೆಲವು ಅಡಿ ಪೈಪ್ ಎಳೆಸಿದರೆ ಮುಗಿಯಿತು. ಅಷ್ಟು ಖರ್ಚನ್ನು ಉಳಿಸಲು ಹೋಗುವ ಮನೆಮಾಲೀಕರ ಮೇಲೆ ಬಾಡಿಗೆದಾರರು ಒತ್ತಾಯ ಹೇರಲೇಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ ಎಂಬ ಸಮಾಧಾನ ಸಾಲದು: ಹೊಸ ಗಾಳಿ ಒಳಬರಲು ಬಾಗಿಲ ಕೆಳಗೆ ದಾರಿಯಿಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತಿರುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ಗೀಸರ್ ಹೊರಗೆ ಹೋಗುವವರೆಗೆ ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ. ಗೀಸರ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಉರಿಯುವ ಗೀಸರ್ ಕೆಳಗೆ ಷವರ್ ಸ್ನಾನ ಬೇಡ. ಮಕ್ಕಳು ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ.

ಕೂಗಿದರೂ ಒಳಗಿದ್ದವರು ಓಗೊಡದಿದ್ದರೆ ಬಾಗಿಲು ಒಡೆಯಲು ಹಿಂಜರಿಯಬಾರದು. ಉಸಿರು ಬಿಗಿಹಿಡಿದು ಒಳನುಗ್ಗಿ, ಅವರನ್ನು ಮೊದಲು ಬಯಲಿಗೆ ಎಳೆದು ತನ್ನಿ. ಗೀಸರ್ ಆರಿಸುವುದನ್ನು ಇನ್ನೊಬ್ಬರು ನೋಡಿಕೊಳ್ಳಲಿ. 108ಕ್ಕೆ ಕರೆ ಮಾಡಿ, ಉಸಿರಾಟ ನಿಂತಿದ್ದರೆ ಎದೆ ಒತ್ತಲು ಶುರು ಮಾಡಿ. ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ಮಾತು ‘ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬುದು. ಮಾಮೂಲಿ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ; ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ. ಎಚ್ಚರವಾಗಿ ನಗುತ್ತ ಮನೆಗೆ ಬಂದವರಲ್ಲೂ ಕೆಲವರಿಗೆ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದುಂಟು. ಹಾಗಾದರೆ ತಡಮಾಡದೆ ನರರೋಗ ವೈದ್ಯರ ಬಳಿ ಹೋಗಿ, ಅಂದು ಬಚ್ಚಲಿನಲ್ಲಿ ನಡೆದದ್ದನ್ನು ಅವರಿಗೂ ಹೇಳಿ.