ಶಿಲುಬೆಯ ಬಳಿ ನಿಂತವರು
(ಸೆಪ್ಟೆಂಬರ್ 15, ವ್ಯಾಕುಲ ಮಾತೆಯ ಸ್ಮರಣೆ)



ಸಂತ ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯವನ್ನು ಗಮನವಿಟ್ಟು ಓದಿ. ಶಿಲುಬೆಯ ಬಳಿ ಮಾತೆ ಮರಿಯಮ್ಮನವರು ಏನು ಮಾಡಿದರು? ಮೊಳೆ ಕೀಳಲು ಅವರಿಂದಾಗಲಿಲ್ಲ, ಮಗನ ನೋವು ಇಳಿಸಲೂ ಆಗಲಿಲ್ಲ. ಆದರೂ ಓಡಿಹೋಗದೆ ನಿಂತಿದ್ದರು. ಇಂದಿಗೂ ಹೀಗೆ ನಿಲ್ಲುವವರಿದ್ದಾರೆ. ಅವರೇ ತೀವ್ರ ನಿಗಾ ಘಟಕದ ದಾದಿಯರು.

ಮಮದಾಪುರದ ಒಂದು ಮನೆಯ ಅಜ್ಜನಿಗೆ ಪಾರ್ಶ್ವವಾಯು ಬಡಿದು, ವಿಜಯಪುರದ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದ್ದಾರೆ ಎಂದಿಟ್ಟುಕೊಳ್ಳೋಣ. ಮನೆಯವರು ಬಾಗಿಲ ಹೊರಗೆ. ಒಳಗೆ ದಾದಿ ಎರಡು ಗಂಟೆಗೊಮ್ಮೆ ಅಜ್ಜನನ್ನು ಹೊರಳಿಸುತ್ತಾಳೆ, ನಳಿಕೆಯ ಕಫ ತೆಗೆಯುತ್ತಾಳೆ, ಬಾಯಿ ಒರೆಸುತ್ತಾಳೆ. "ಅಜ್ಜಾರ, ಸ್ವಲ್ಪ ಹೊರಳಸ್ತೀನ್ರಿ" ಎಂದು ಮಾತಾಡಿಸುತ್ತಾಳೆ. ಉತ್ತರ ಬರುವುದಿಲ್ಲ. ಹೊರಬಂದರೆ, "ಕಣ್ಣ ಬಿಟ್ಟಾರೇನ್ರೀ?" ಎಂಬ ಪ್ರಶ್ನೆ ಕಾದಿರುತ್ತದೆ.

ಅವಳ ಮನದೊಳಗೆ ಏನು ನಡೆಯುತ್ತದೆ? ಎಷ್ಟೋ ದಿನ ಆರೈಕೆ ಮಾಡಿದ ರೋಗಿ ಅವಳಿಗೆ ತನ್ನವರೇ ಆಗಿಬಿಡುತ್ತಾರೆ. ಫಲವಿಲ್ಲದ ಚಿಕಿತ್ಸೆ ಮುಂದುವರಿದಾಗ, ತನ್ನ ಕೈಯಿಂದಲೇ ನೋವು ಕೊಡುತ್ತಿದ್ದೇನೆ ಎನಿಸುತ್ತದೆ. ಯಂತ್ರ ನಿಲ್ಲಿಸಿದರೆ, ತಾನೇ ಕೊಂದೆನೇನೋ ಎಂಬ ಅಳುಕು. ಸರಿ ಯಾವುದೆಂದು ಅನಿಸಿದರೂ ಅದನ್ನು ಮಾಡಲಾಗದ ಈ ಸಂಕಟವನ್ನು 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಎಂಬ ಚಿಂತಕರು 'ನೈತಿಕ ಯಾತನೆ' ಎಂದು ಕರೆದರು. ಇಷ್ಟಾದರೂ ಅಳಲು ಸಮಯವಿಲ್ಲ. ಅದೇ ಹಾಸಿಗೆಗೆ ಇನ್ನೊಬ್ಬ ರೋಗಿ ಬಂದಿರುತ್ತಾರೆ.

ದಾದಿಯರ ಈ ಪ್ರೀತಿಗೆ ನಮ್ಮ ನಾಡಿನ ಮಗಳೊಬ್ಬಳ ಬದುಕೇ ಸಾಕ್ಷಿ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬನ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ತೀವ್ರ ಹಾನಿಯಾಯಿತು. ಅಂದಿನಿಂದ 41 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ದಾದಿಯರು ಅವರಿಗೆ ಉಣಿಸಿದರು, ಮೈ ತೊಳೆದರು. ಒಂದು ಪೀಳಿಗೆ ನಿವೃತ್ತಿಯಾದರೆ ಮುಂದಿನ ಪೀಳಿಗೆ ಸೇವೆ ಮುಂದುವರಿಸಿತು. ಅವರಿಗೆ ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ದಾದಿಯರು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ದಾದಿಯರ ಸೇವೆಯನ್ನು ಮನಸಾರೆ ಶ್ಲಾಘಿಸಿತು. ಕೊನೆಗೆ ನ್ಯುಮೋನಿಯಾ ತಗಲಿ ವೆಂಟಿಲೇಟರ್ ಹಾಕಬೇಕಾಯಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು.

ಹಾಗಾದರೆ ಯಂತ್ರ ತೆಗೆಯುವುದು ಪಾಪವೇ? ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಸಾಯಿಸಬೇಕೆಂಬ ಉದ್ದೇಶದಿಂದ ಮಾಡುವ ಯಾವ ಕಾರ್ಯವೂ ಸಲ್ಲದು. ಆದರೆ ಚೇತರಿಕೆಯ ಭರವಸೆಯಿಲ್ಲದೆ ಭಾರವಷ್ಟೇ ಆಗಿರುವ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯಲ್ಲ; ಅದು ಮರಣವನ್ನು ದೇವರ ಕೈಯಿಂದ ಸ್ವೀಕರಿಸುವುದು. ಉಸಿರಾಟದ ಯಂತ್ರದ ಬಗ್ಗೆ ಜಗದ್ಗುರು ಹನ್ನೆರಡನೇ ಪಿಯುಸ್ 1957ರಲ್ಲೇ ವೈದ್ಯರಿಗೆ ಈ ಮಾತು ತಿಳಿಸಿದ್ದರು. ಅನ್ನ-ನೀರು ಮಾತ್ರ, ನಳಿಕೆಯ ಮೂಲಕವಾದರೂ, ಅದು ದೇಹಕ್ಕೆ ಹಿಡಿಸುವವರೆಗೆ ಕೊಡಬೇಕಾದ ಸಹಜ ಆರೈಕೆ ಎಂದು 2004ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್ ಬೋಧಿಸಿದರು. ಆದ್ದರಿಂದ, ಸರಿಯಾದ ನಿರ್ಧಾರದಂತೆ ಯಂತ್ರ ನಿಲ್ಲಿಸಿದ ದಾದಿಯೇ, ನೀನು ಯಾರನ್ನೂ ಕೊಲ್ಲಲಿಲ್ಲ. ಆ ಭಾರ ಇಳಿಸು.

ನಮ್ಮ ಕರ್ತವ್ಯವೇನು? ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿದ್ದಾರೆ. ರಾತ್ರಿಪಾಳಿ ಮುಗಿಸಿ ಬಂದವಳನ್ನು "ಪೂಜೆಗೆ ಯಾಕೆ ಬರಲಿಲ್ಲ?" ಎಂದು ಕೇಳುವ ಮೊದಲು "ಊಟ ಆಯಿತೇ?" ಎಂದು ಕೇಳಿ. ಅವಳು ಅತ್ತರೆ ಅಳಲು ಬಿಡಿ. ನಮ್ಮವರು ಆಸ್ಪತ್ರೆಯಲ್ಲಿದ್ದಾಗ ದುಃಖದ ಸಿಟ್ಟನ್ನು ದಾದಿಯ ಮೇಲೆ ತೀರಿಸಬೇಡಿ. ಕೊನೆಯ ಗಳಿಗೆಗೆ ಕಾಯದೆ, ರೋಗಿಗಳ ಅಭ್ಯಂಗ ಸಂಸ್ಕಾರಕ್ಕಾಗಿ ಗುರುಗಳನ್ನು ಬೇಗ ಕರೆಯಿರಿ. ಅಜ್ಜ ಬದುಕಿ ಬರಲಿಲ್ಲವೆಂದರೂ, ಒಂದು ದಿನ ಹೋಗಿ ಆ ದಾದಿಗೆ ಕೈ ಮುಗಿದು ಬನ್ನಿ. ವಾಸಿಯಾದವರ ಮನೆಯವರು ಸಿಹಿ ಹಂಚುತ್ತಾರೆ. ತೀರಿಕೊಂಡವರ ಮನೆಯವರು ಹಿಂತಿರುಗುವುದು ಅಪರೂಪ.

ಶಿಲುಬೆಯ ಬಳಿ ನಿಂತ ವ್ಯಾಕುಲ ಮಾತೆಯೇ, ಹಾಸಿಗೆಗಳ ಬಳಿ ನಿಂತಿರುವ ನಿಮ್ಮ ಮಕ್ಕಳ ಜೊತೆಗೆ ನೀವೂ ನಿಂತಿರಿ. ಆಮೆನ್.