ಅಕ್ಷರ ಕಂಡರೆ ಸಾಲದು, ಉಳಿಯಲೂ ಬೇಕು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ. ಧಾರವಾಡ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರನ್ನು ಕಾಗದದ ಮೇಲೆ ಬರೆಯಲು ಶಾಲೆಯ ಮಕ್ಕಳಿಗೂ ಕಷ್ಟವಿಲ್ಲ. ಆದರೆ ಲಿನಕ್ಸ್ ಗಣಕದ ಕಪ್ಪು ಪರದೆಯ ಮೇಲೆ, ಅಂದರೆ ಚಿತ್ರಗಳೂ ಕಿಟಕಿಗಳೂ ಇಲ್ಲದ ಬರಿಯ ಅಕ್ಷರಗಳ ‘ಕನ್ಸೋಲ್’ನಲ್ಲಿ ಇವನ್ನು ಮೂಡಿಸಹೊರಟರೆ ಸಾಮಾನ್ಯವಾಗಿ ಕಾಣುವುದು ಸಾಲುಸಾಲು ಚೌಕಗಳು. ಯಂತ್ರ ಕೆಟ್ಟು ನಿಂತಾಗ ತಂತ್ರಜ್ಞನ ಎದುರಿಗೆ ಉಳಿಯುವುದು ಬಹುಮಟ್ಟಿಗೆ ಈ ಪರದೆಯೇ. ಕನ್ನಡದಲ್ಲಿ ಹೆಸರಿಟ್ಟ ಕಡತ ಯಾವುದೆಂದು ಅವನು ಅಲ್ಲಿ ಊಹಿಸಬೇಕಾಗುತ್ತದೆ.

ಇದಕ್ಕೆ ಕಾರಣ ಸರಳ. ಲಿನಕ್ಸ್‌ನ ಮೂಲ ಕನ್ಸೋಲ್ ಒಂದು ಸಲಕ್ಕೆ 256, ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ‘ಸೆಟ್‌ಫಾಂಟ್’ ಎಂಬ ಆಜ್ಞೆಯಿಂದ ಬೇರೆ ಅಕ್ಷರಶೈಲಿಯನ್ನು ತುಂಬಬಹುದು. ಯಾವ ಸಂಕೇತಸಂಖ್ಯೆಗೆ ಯಾವ ರೂಪ ಎಂಬ ನಕ್ಷೆಯನ್ನೂ ಕೊಡಬಹುದು. ಗ್ರೀಕ್, ರಷ್ಯನ್ ಲಿಪಿಗಳಿಗೆ ಇಷ್ಟು ಸಾಕು. ಕನ್ನಡಕ್ಕೆ ಸಾಲದು. ಚದುರಂಗದ ಮನೆಗಳಂತಿರುವ ಆ ಪರದೆಯಲ್ಲಿ ಒಂದು ಮನೆಗೆ ಒಂದು ರೂಪ. ‘ಅಣ್ಣಿಗೇರಿ’ಯ ಒತ್ತಕ್ಷರವನ್ನು ಕೆಳಗಿಳಿಸಿ, ಗುಣಿತವನ್ನು ಬೆಸೆದು ಬರೆಯುವ ಜಾಣ್ಮೆ ಅದಕ್ಕಿಲ್ಲ.

ನನ್ನ ದೃಷ್ಟಿಯಲ್ಲಿ ಈ ಸಣ್ಣ ತೊಡಕು ಒಂದು ದೊಡ್ಡ ಪ್ರಶ್ನೆಗೆ ಬಾಗಿಲು. ಗಣಕದಲ್ಲಿ ಅಕ್ಷರದ ಗುರುತು ಬೇರೆ, ಅದರ ರೂಪ ಬೇರೆ. ಗುರುತು ಎಂದರೆ ಒಂದು ಸಂಖ್ಯೆ. ರೂಪ ಎಂದರೆ ಅಕ್ಷರಶೈಲಿ ಬಿಡಿಸುವ ಚಿತ್ರ. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್, ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಟ್ಟಿದೆ. ‘ಕ’ ಎಂದರೆ 3221. ಯಾವ ದೇಶದ, ಯಾವ ಕಂಪನಿಯ ಯಂತ್ರವಾದರೂ ಈ ಸಂಖ್ಯೆ ಬದಲಾಗದು.

ಆದರೆ ಯಂತ್ರಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲು ಕಲಿಯುವ ಮುನ್ನವೇ ನಾಡಿನ ಕಚೇರಿಗಳಿಗೆ ಕನ್ನಡ ಬೇಕಾಗಿತ್ತು. 1990ರ ದಶಕದ ಕೊನೆ ಹಾಗೂ 2000ರ ದಶಕದ ಆರಂಭದಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆ ಕೊರತೆಯನ್ನು ತುಂಬಿದವು. ಅಂದಿನ ದಾರಿ ಎಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸುವುದು. ನುಡಿಯ ಹಳೆಯ ಶೈಲಿಯಲ್ಲಿ ‘ಕನ್ನಡ’ ಎಂಬ ಪದ ಯಂತ್ರದೊಳಗೆ ಏಳು ತುಣುಕು: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರ ಜೋಡಿ ‘ಎಸ್’, ಸಣ್ಣ ‘ಕ್ಯು’, ಕೊನೆಗೆ ಪುನಃ ಆ ‘ಎ’. ಆ ಅಕ್ಷರಶೈಲಿ ಇರುವವರೆಗೆ ಅದು ಕನ್ನಡ. ಇಲ್ಲವಾದರೆ ಯಾವ ಭಾಷೆಯೂ ಅಲ್ಲ. ಈ ತಂತ್ರಾಂಶಗಳು ಮುಂದೆ ಯೂನಿಕೋಡ್‌ಗೆ ಹೊರಳಿದವು, ನಿಜ. ಅಷ್ಟರಲ್ಲಿ ಹಳೆಯ ಕಡತಗಳ ರಾಶಿಯೇ ಬೆಳೆದಿತ್ತು.

ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರ ಸಂಘದವರು ಅಂಥದೊಂದು ಸದಸ್ಯರ ಪಟ್ಟಿಯನ್ನು ನನ್ನಲ್ಲಿಗೆ ತಂದಿದ್ದರು. ಪರಿವರ್ತಕ ತಂತ್ರಾಂಶದಿಂದ ಹೆಚ್ಚಿನ ಹೆಸರುಗಳು ಮರಳಿ ಬಂದವು. ಆದರೆ ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾದವು. ಕೆಲವು ಅರ್ಕಾವೊತ್ತುಗಳು ಸ್ಥಾನ ತಪ್ಪಿದವು. ಮೂಲ ದಾಖಲೆ ಕಾಗದದಲ್ಲಿ ಇದ್ದುದರಿಂದ ಒಂದೊಂದೇ ಹೆಸರನ್ನು ತಾಳೆ ನೋಡಿ ತಿದ್ದಿದೆವು. ಕಾಗದ ಇಲ್ಲದಿದ್ದರೆ?

ಪಟ್ಟಣದವರಿಗೆ ಇದು ಕ್ಷುಲ್ಲಕವೆನಿಸಬಹುದು. ರೈತನಿಗೆ ಹಾಗಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಂದಿನಿಂದ ಹಕ್ಕು, ಸಾಲ, ಬೆಳೆ ವಿಮೆ ಎಲ್ಲಕ್ಕೂ ಗಣಕದಲ್ಲಿರುವ ಹೆಸರೇ ಆಧಾರ. ಎರಡು ಕಡತಗಳಲ್ಲಿ ಒಬ್ಬ ‘ಬಸವಣ್ಣೆಪ್ಪ’ನೇ ಇದ್ದಾನೆಯೇ ಎಂದು ಯಂತ್ರ ನೋಡುವುದು ಚಿತ್ರವನ್ನಲ್ಲ, ಸಂಖ್ಯೆಗಳನ್ನು. ಕಣ್ಣಿಗೆ ಒಂದೇ ಆಗಿ ಕಂಡ ಹೆಸರು ಯಂತ್ರಕ್ಕೆ ಬೇರೆ ಆಗಬಹುದು.

ಯೂನಿಕೋಡ್ ಬಂದ ಮಾತ್ರಕ್ಕೆ ಎಲ್ಲವೂ ನೇರವಾಗದು ಎಂಬುದನ್ನೂ ಒಪ್ಪಬೇಕು. ‘ಕಾರ್ಯ’ದ ಅರ್ಕಾವೊತ್ತು ತಾನಾಗಿ ಮೂಡುತ್ತದೆ, ‘ರ‍್ಯಾಂಕ್’ ಎಂದು ರಕಾರವನ್ನು ಮುಂದೆ ನಿಲ್ಲಿಸಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಸೇರಿಸಬೇಕು. ಒಬ್ಬರು ಸೇರಿಸಿ, ಇನ್ನೊಬ್ಬರು ಬಿಟ್ಟರೆ ಹುಡುಕಾಟ ಸೋಲುತ್ತದೆ. ಶಿಷ್ಟತೆಯ ಜೊತೆಗೆ ಅದನ್ನು ಬಳಸುವ ಶಿಸ್ತೂ ಬೇಕು.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಶಾಸನಗಳನ್ನು ಹಳಗನ್ನಡ ಲಿಪಿ ಕಲಿತವರು ಇಂದಿಗೂ ಓದಬಲ್ಲರು. ಕಲ್ಲಿನಲ್ಲಿ ರೂಪವೇ ಅಕ್ಷರ. ಗಣಕದಲ್ಲಿ ಉಳಿಯುವುದು ಸಂಖ್ಯೆ ಮಾತ್ರ. ಅದನ್ನು ಅಕ್ಷರವಾಗಿಸುವುದು ನಕ್ಷೆ. ನಕ್ಷೆ ಕಳೆದರೆ ಬರಹವೂ ಕಳೆಯಿತು.

ಆದ್ದರಿಂದ ಆಗಬೇಕಾದ ಕೆಲಸಗಳು ಸ್ಪಷ್ಟ. ಹಳೆಯ ಅಕ್ಷರಶೈಲಿಗಳ ನಕ್ಷೆಗಳೆಲ್ಲ ಸಾರ್ವಜನಿಕವಾಗಿ ಒಂದೆಡೆ ದೊರೆಯಬೇಕು. ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಶಾಲೆಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ, ಮೂಲವನ್ನೂ ಕಾಪಾಡಿ, ಊರಿನ ಹೆಸರು ಬಲ್ಲವರಿಂದ ತಿದ್ದಿಸಬೇಕು. ಹೊಸ ದಾಖಲೆಗಳು ಮುದ್ರಣಕ್ಕಷ್ಟೇ ಅಲ್ಲ, ಹುಡುಕಲೂ ಒದಗಬೇಕು. ಆ ಕಡತಗಳನ್ನು ಟೈಪಿಸಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಇದು ನಡೆಯಲಿ.